ಗಾದಿ ಬಡೇಸಾಬ ಹೇಳಿದ ಕೆಲಸದ ತಾಸು

ಒಂದು ಕಾಲಕ್ಕೆ ಕುರುಗೋಡಿನಲ್ಲಿ ಮದುವೆ ಗೊತ್ತಾಯಿತೆಂದರೆ ಜನ ಮೊದಲು ಬರುತ್ತಿದ್ದುದು ಗಾದಿ ಬಡೇಸಾಬನ ಅಂಗಡಿಗೆ. ಸಿರುಗುಪ್ಪ, ಹಚ್ಚೊಳ್ಳಿ ಕಡೆಯಿಂದಲೂ ಟ್ರ್ಯಾಕ್ಟರಿನಲ್ಲಿ ಹತ್ತಿ ಮೂಟೆ ಬಂದು ಬೀಳುತ್ತಿದ್ದವು. ಅದೆಲ್ಲ ಫೋಮ್ ಹಾಸಿಗೆ ಬರುವುದಕ್ಕೆ ಮುಂಚಿನ ಮಾತು ಬಿಡಿ. ಈಗ ಮದುವೆ ಸೀಜನ್‌ನಲ್ಲಿ ನಾಲ್ಕು ದಿನ ಮೈ ಮುರಿಯುವಷ್ಟು ಕೆಲಸ, ಆಮೇಲೆ ನೊಣ ಹೊಡೆಯುವುದು. ಮಳೆಗಾಲದಲ್ಲಂತೂ ಹತ್ತಿ ತೇವ ಹಿಡಿದು ಹಿಂಜಲಿಕ್ಕೇ ಬಾರದು. ಬಡೇಸಾಬ ಅಂಗಡಿ ಬಾಗಿಲಲ್ಲಿ ಕೂತು ಬರುವ ಹೋಗುವ ಬಸ್ಸು ನೋಡುತ್ತಾನೆ.

ಅವನು ಹಿಂಜಿದ ಹತ್ತಿಯನ್ನು ಗವಸಿಗೆ ತುಂಬಿ, ಕೋಲಿನಿಂದ ಬಡಿದು, ಹೊಲಿದು ಗಾದಿ ಮಾಡಿದವಳು ಹೆಂಡತಿ ಮದಾರಬೀ. ಮೂಗಿಗೆ ಸೆರಗು ಕಟ್ಟಿಕೋ ಎಂದರೆ ‘ಸೆಕಿ ಆಕ್ಕೈತಿ’ ಎಂದು ನಗುತ್ತಿದ್ದಳು. ಹಾಗೆ ನುಂಗಿದ ಹತ್ತಿ ದೂಳೆಲ್ಲ ಈಗ ಅವಳ ಎದೆಯಲ್ಲಿ ಕೂತಿದೆ. ಅಡುಗೆಮನೆಯಿಂದ ಬಚ್ಚಲಿಗೆ ಹೋಗುವಷ್ಟರಲ್ಲಿ ಏದುಸಿರು. ಮನೆಯಲ್ಲೇ ಆಕ್ಸಿಜನ್ ಮಷಿನ್ ಇಡಲೇಬೇಕು, ಇಲ್ಲದಿದ್ದರೆ ಬಹಳ ದಿನ ಎಳೆಯುವುದಿಲ್ಲ ಎಂದು ಬಳ್ಳಾರಿಯ ಡಾಕ್ಟರು ಬಡೇಸಾಬನನ್ನು ಆಚೆ ಕರೆದು ಹೇಳಿದ್ದರು. ಅವನ ಕೈಲಿ ಅದು ಆಗುವ ಮಾತೇ ಅಲ್ಲ.

ದಾರಿ ಹುಡುಕಿದವಳು ಮಗಳು ಆಸ್ಫಿಯಾ. ಬಳ್ಳಾರಿಯ ಜೀನ್ಸ್ ಹೊಲಿಯುವ ಕಡೆ ಕೆಲಸಕ್ಕೆ ಹೋಗುವವಳು, ಚುರುಕು ಹುಡುಗಿ. ಸ್ವಂತ ಕಸುಬು ಮಾಡಿಕೊಂಡು, ವರ್ಷವಿಡೀ ಪೂರ್ತಿ ಕೆಲಸ ಸಿಗದವರ ಮನೆಯಲ್ಲಿ ಕಾಯಿಲೆಯವರಿದ್ದರೆ ಆಕ್ಸಿಜನ್ ಮಷಿನ್ ಕೊಡಿಸುವ ಸರ್ಕಾರದ ಯೋಜನೆಯೊಂದಿದೆ ಎಂದು ಕೇಳಿಕೊಂಡು ಬಂದಳು. ಅರ್ಜಿಯಲ್ಲಿ ದಿನಕ್ಕೆ ಎಷ್ಟು ತಾಸು ಕೆಲಸ ಎಂದು ಹೇಳಬೇಕಿತ್ತು.

“ಯಾವ ದಿನದ್ದು ಹೇಳ್ಲಿ?” ಎಂದ ಬಡೇಸಾಬ, ಅಂಗಡಿಯಿಂದ ರಸ್ತೆಗೆ ಇಳಿದು. “ಮದುವಿ ದಿನದಾಗ ನಿದ್ದೀನ ಇರಂಗಿಲ್ಲ. ಆಷಾಢದಾಗ ಕೆಲಸಾನ ಇರಂಗಿಲ್ಲ.”

“ಎಲ್ಲಾ ಕೂಡ್ಸಿ ಹಂಚಿದ್ರ ಮೂರು ತಾಸು ಆಕ್ಕೈತಿ ಅಪ್ಪಾ, ಹಂಗ ಬರೀತೀನಿ. ನೋಡಾಕ ಸಾಹೇಬ್ರು ಬರ್ತಾರ. ಇದ್ದದ್ದು ಇದ್ದಂಗ ಹೇಳು. ಅಂಗಡಿಯಾಗ ಮಾತ್ರ ಬ್ಯಾಡ, ರಸ್ತಾದಾಗ ನಿಂತು ಹೇಳು.”

ಅವಳು ಹಾಗೆ ಎಚ್ಚರಿಸಿದ್ದಕ್ಕೆ ಕಾರಣವಿತ್ತು. ಅಂಗಡಿಯ ಗೋಡೆಗೆ ಅಜ್ಜನ ಕಾಲದ ಹತ್ತಿ ಹಿಂಜುವ ಬಿಲ್ಲು ತೂಗುತ್ತದೆ. ಹತ್ತಿ ಹಿಂಜಲು ಮಷಿನ್ ಬಂದು ಎಷ್ಟು ಕಾಲವಾದರೂ ಶುಕ್ರವಾರ ಅದಕ್ಕೆ ಲೋಬಾನದ ಹೊಗೆ ತಪ್ಪಿಲ್ಲ. ಆ ಬಿಲ್ಲಿನ ಕೆಳಗೆ ನಿಂತು ‘ಕೆಲಸ ಇಲ್ಲ’ ಎನ್ನಬಾರದು. ಹಾಗೆಂದರೆ ಬರಕತ್ತು, ದೇವರು ಕೊಟ್ಟ ಸಮೃದ್ಧಿ, ಮನೆ ಬಿಟ್ಟು ಹೋಗುತ್ತದೆ. ಬಡೇಸಾಬನ ಅಪ್ಪ ಒಲೆ ಹೊತ್ತದ ದಿನವೂ ‘ಕೈತುಂಬ ಐತ್ರಿ’ ಎಂದೇ ಅಂದವನು.

ಪರಿಶೀಲನೆಗೆ ಪಾಲಯ್ಯ ಎಂಬ ಅಧಿಕಾರಿ ಬಂದ ದಿನ ಆಸ್ಫಿಯಾ ಕೆಲಸಕ್ಕೆ ಹೋಗಿದ್ದಳು. ಹಾಳಾದ ಮಳೆ ಅದೇ ಹೊತ್ತಿಗೆ ಹೊಯ್ಯಬೇಕೆ? ಪಾಲಯ್ಯ ಓಡಿ ಬಂದು ಅಂಗಡಿಯೊಳಗೆ, ಬಿಲ್ಲಿನ ಕೆಳಗೇ ಕುರ್ಚಿ ಎಳೆದುಕೊಂಡು ಕೂತ.

“ಕೆಲಸ ಹೆಂಗ ನಡದೈತ್ರಿ?”

“ದೇವ್ರು ಕೊಟ್ಟಾನ್ರಿ. ಕೈತುಂಬ ಐತಿ.”

“ದಿನಕ್ಕ ಎಷ್ಟು ತಾಸು?”

“ಮುಂಜಾನಿಂದ ದೀಪ ಹಚ್ಚೋತನಕ.”

ಪಾಲಯ್ಯ ಕೆಟ್ಟವನಲ್ಲ. ಪೆನ್ನು ತಡೆದು ಅವನ ಮುಖ ನೋಡಿದ. “ಅರ್ಜಿಯಾಗ ಮೂರು ತಾಸಂತ ಐತಲ್ರಿ. ವಿಚಾರ ಮಾಡಿ ಹೇಳ್ರಿ.”

ಬಡೇಸಾಬ ಹೊರಗೆ ನೋಡಿದ. ಮಳೆ ನಿಲ್ಲುವ ಲಕ್ಷಣವಿರಲಿಲ್ಲ. ಇದ್ದದ್ದು ಹೇಳಬೇಕೆಂದು ಬಾಯಿ ತೆರೆದವನು ಗೋಡೆಯ ಬಿಲ್ಲು ನೋಡಿದ. “ಅದು ಹುಡುಗಿ ಬರದದ್ರಿ,” ಎಂದುಬಿಟ್ಟ. ಒಳಗೆ ಮದಾರಬೀ ಕೆಮ್ಮುತ್ತಿದ್ದಳು. ಅವಳಾದರೂ ಎದ್ದು ಬಂದು ಒಂದು ಮಾತು ಹೇಳಬಹುದಿತ್ತು. ಅವಳೂ ಅದೇ ಮನೆಯ ಸೊಸೆ, ಬಿಲ್ಲಿನ ಕೆಳಗೆ ಆ ಮಾತು ಆಡುವವಳಲ್ಲ. ಬಡೇಸಾಬ ತಾನು ಹೇಳಿದ್ದಕ್ಕೆ ರುಜು ಹಾಕಿ, ಸಾಹೇಬರಿಗೆ ಚಹಾ ತರಿಸಿದ.

ಅರ್ಜಿ ತಿರಸ್ಕಾರವಾಗಿದೆ ಎಂದು ಮೊಬೈಲಿಗೆ ಮೆಸೇಜ್ ಬಂದಾಗ ಆಸ್ಫಿಯಾ ಅಪ್ಪನನ್ನು ಬೈಯಲಿಲ್ಲ. ಗೋಡೆಗೆ ಮುಖ ಮಾಡಿ ಅತ್ತಳು. ಅದಕ್ಕಿಂತ ಅವಳು ನಾಲ್ಕು ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಬಡೇಸಾಬನಿಗೆ. ಮರುದಿನ ಮೊದಲ ಬಸ್ಸಿಗೇ ಬಳ್ಳಾರಿಗೆ ಹೋಗಿ, ಪಾಲಯ್ಯನ ಕಚೇರಿ ತೆರೆಯುವವರೆಗೆ ಮೆಟ್ಟಿಲ ಮೇಲೆ ಕೂತ.

“ಸುಳ್ಳು ಹೇಳಿದ್ನಿರಿ ಸಾಹೇಬ್ರ,” ಎಂದ, ಪಾಲಯ್ಯನ ಮೇಜಿನ ಮುಂದೆ ನಿಂತು. “ಕೆಲಸ ಇಲ್ರಿ. ತಿಂಗಳಾತು ಒಂದು ದಿಂಬೂ ಹೊಲ್ದಿಲ್ಲ.” ಹೊರಗಿನವರ ಮುಂದೆ ಅವನು ಎಂದೂ ಆಡದ ಮಾತು ಅದು.

ಪಾಲಯ್ಯ ಹಣೆ ಒತ್ತಿಕೊಂಡ. “ಅವತ್ತು ಎಲ್ಲಿ ಹೋಗಿತ್ರಿ ಈ ಮಾತು? ನಿಮ್ಮ ರುಜು ಐತಿ, ಫೈಲ್ ಮ್ಯಾಲೆ ಹೋಗೇತಿ. ಇನ್ನ ನನ್ನ ಕೈಯಾಗಿಲ್ಲ. ಮುಂದಿನ ವರ್ಷ ಹೊಸದಾಗಿ ಅರ್ಜಿ ಹಾಕ್ರಿ.”

ಸಾಲಿನಲ್ಲಿ ಹಿಂದೆ ನಿಂತವರು ಸರಿಯಿರಿ ಎಂದಾಗ ಬಡೇಸಾಬ ಸರಿದ.

ಮನೆಗೆ ಬಂದಾಗ ಮದಾರಬೀ ಗೋಡೆಗೆ ಒರಗಿ ಕೂತಿದ್ದಳು. ಮಲಗಿದರೆ ಉಸಿರು ಕಟ್ಟುತ್ತದೆ, ಹಗಲು ರಾತ್ರಿ ಹಾಗೇ ಕೂರುತ್ತಾಳೆ.

“ಏನಂದ್ರು?”

“ಮುಂದಿನ ವರ್ಷ ಹಾಕ್ರಿ ಅಂದ್ರು.”

ಅವಳು ಉಸಿರು ಎಳೆದುಕೊಳ್ಳುವವರೆಗೆ ಅವನು ಕಾದ.

“ಹಾಕ್ರಿ,” ಎಂದಳು. “ನನ್ನ ಹೆಸರು ಮಾತ್ರ ಬರಸಬ್ಯಾಡ್ರಿ.”

ಹಾಗೆಲ್ಲ ಅನ್ನಬೇಡ ಎಂದು ಗದರಬೇಕೆಂದುಕೊಂಡ ಬಡೇಸಾಬ, ಅವಳ ಪಕ್ಕದಲ್ಲಿ ಕೂತು, ಬೆನ್ನು ಸವರತೊಡಗಿದ.