ಮಾವಶಿ ಬಾರಿಸಿದರೆ ಹತ್ತುವ ದೀಪ

ಕಳೆದ ತಿಂಗಳ ಮೊದಲ ಶನಿವಾರ, ಧನಕವಡಿಯ ನನ್ನ ಮಗಳ ಮರಾಠಿ ಶಾಲೆಯ ಮೈದಾನದಲ್ಲಿ ಒಂದು ಹಸಿರು ದೀಪ ಹಾಕಿದರು. ಐದನೇ ತರಗತಿಯ ನನ್ನ ನಂದಿನಿಗೆ ಕಿವಿ ಕೇಳುವುದಿಲ್ಲ. ಬಿಡುವು ಮುಗಿದದ್ದು ಗೊತ್ತಾಗದೆ ಮರದಡಿ ಒಬ್ಬಳೇ ಆಡುತ್ತ ಉಳಿದು, ಪಾಠ ಶುರುವಾದ ಮೇಲೆ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಅವಳಿಗಾಗಿಯೇ ಒಂಬತ್ತನೇ ತರಗತಿಯ ಮಕ್ಕಳು ತಂತ್ರಜ್ಞಾನದ ಪೀರಿಯಡ್‌ನಲ್ಲಿ ಆ ದೀಪ ಮಾಡಿದ್ದರು.

ನೋಡಲು ನನ್ನನ್ನೂ ಕರೆದಿದ್ದರು. ದೀಪಕ್ಕೂ ಹೊಸ ವಿದ್ಯುತ್ ಗಂಟೆಗೂ ಟೈಮರ್ ಜೋಡಿಸಿದ್ದರು. ಸಮಯಕ್ಕೆ ಸರಿಯಾಗಿ ಎರಡೂ ತಾವಾಗಿಯೇ ಕೆಲಸ ಮಾಡಿದವು. ದಿನಾ ಹಿತ್ತಾಳೆ ಗಂಟೆ ಬಾರಿಸುವ, ಎಲ್ಲರೂ ಮಾವಶಿ ಎಂದು ಕರೆಯುವ ಶಾಲೆಯ ಆಯಾ ಸುತ್ತಿಗೆ ಹಿಡಿದು ನಿಂತೇ ಇದ್ದರು. ಅವರು ವಿಜಯಪುರ ಕಡೆಯವರು.

“ಹಂಗಾದ್ರ ಇನ್ನ ನಂದು ಬರೇ ಚಹಾ ಕೊಡೂದ ಕೆಲಸೇನ್ರಿ?” ಎಂದು ನನ್ನನ್ನು ಕೇಳಿದರು.

ಅದನ್ನು ಮಕ್ಕಳಿಗೆ ಮರಾಠಿಯಲ್ಲಿ ಹೇಳಿದೆ. ಅವರು ಟೈಮರ್ ಬಿಚ್ಚಿಕೊಂಡು ಹೋದರು. ಮುಂದಿನ ಶನಿವಾರ ಬಂದು, ಏಟು ಬಿದ್ದಾಗಿನ ಕಂಪನವನ್ನು ಗುರುತಿಸುವ ಸೆನ್ಸರ್ ಒಂದನ್ನು ಹಿತ್ತಾಳೆ ಗಂಟೆಗೇ ಕಟ್ಟಿದರು. ಮಾವಶಿ ಬಾರಿಸಿದರು. ದೀಪ ಹತ್ತಿತು. ಮರದಡಿಯಿಂದ ನಂದಿನಿ ಎಲ್ಲರ ಜೊತೆಗೇ ಓಡಿದಳು.

“ನೋಡ್ರಿ, ನಾ ಬಡದ್ರನ ಬೆಳಕ. ಇಷ್ಟ್ ಕಲತ್ರೂ ನಾ ಬೇಕಲ್ಲ ಇವರಿಗೆ,” ಎಂದು ಮಾವಶಿ ಮಕ್ಕಳ ಕಡೆ ನೋಡಿ ನಕ್ಕರು. ನಾನು ಅವರಿಗೂ ಮಕ್ಕಳಿಗೂ ಕೈ ಮುಗಿದೆ.

ಅಂದಿನಿಂದ ನಂದಿನಿ ಬಾಗಿಲಲ್ಲಿ ನಿಂತಿಲ್ಲ. ಮೊನ್ನೆ ಗುರುವಾರ ತಂತಿ ಸಡಿಲಾಗಿ ದೀಪ ಹತ್ತಲಿಲ್ಲ. ಮಾವಶಿ ಸುತ್ತಿಗೆ ಕೆಳಗಿಟ್ಟು, ಮರದಡಿಗೆ ನಡೆದು ಹೋಗಿ, ಅವಳ ಹೆಗಲು ಮುಟ್ಟಿ ಕರೆತಂದರು.