ಮಾಕಳಿದುರ್ಗ ಹತ್ತಿಸಿದ ನಮ್ಮ ಗೈಡ್

ಸೀರೆ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಕಾಲಿಗೆ ಬಿಳಿ ಕ್ಯಾನ್ವಾಸ್ ಶೂ ಹಾಕಿ, ಮಾಕಳಿದುರ್ಗದ ಬಂಡೆಯ ಮೇಲೆ ನಿಂತು, "ಬೇಗ ಹತ್ರೋ! ಪಿಎಚ್.ಡಿ ಮಾಡೋರ ಕಾಲಾ ಇವು?" ಎಂದು ಕೂಗುತ್ತಿದ್ದರು ನಮ್ಮ ಮೇಡಂ. ಆಯುಷ್ಯವೆಲ್ಲ ಭಯೋತ್ಪಾದನೆಯ ಬಗ್ಗೆ ಸಂಶೋಧನೆ ಮಾಡಿದ ಪ್ರೊಫೆಸರ್ ಇವರೇ ಎಂದರೆ ಚಾರಣಕ್ಕೆ ಬಂದವರು ನಕ್ಕುಬಿಡುತ್ತಿದ್ದರು.

ಮೇಡಂ ಮನೆ ಅದೇ ತಾಲ್ಲೂಕಿನ ಮಧುರೆ ಗ್ರಾಮದಲ್ಲಿ. ಆದರೆ ಅವರು ನನ್ನ ಪ್ರಬಂಧದ ಚರ್ಚೆಯನ್ನು ಮನೆಯಲ್ಲಾಗಲಿ ಕಾಲೇಜಿನಲ್ಲಾಗಲಿ ಮಾಡಿದವರಲ್ಲ. ಬೆಟ್ಟ ಹತ್ತುತ್ತಲೇ ಆಗಬೇಕು. "ಏದುಸಿರು ಬಿಡ್ವಾಗ ದೊಡ್ಡ ದೊಡ್ಡ ಪದ ಬಾಯಿಗೆ ಬರಲ್ಲ ಕಣಪ್ಪಾ" ಎನ್ನುತ್ತಿದ್ದರು. ಮೊದಲ ಸಲ ನಾನು ಬುಡದಲ್ಲಿ "ಯುವಜನರ ಸೈದ್ಧಾಂತಿಕ ತೀವ್ರೀಕರಣ ಪ್ರಕ್ರಿಯೆ" ಎಂದು ಶುರುಮಾಡಿದೆ. "ಅರ್ಥ ಆಗ್ಲಿಲ್ಲ, ಆ ಬಂಡೆ ಹತ್ತಿ ಇನ್ನೊಂದ್ಸಲ ಹೇಳು" ಎಂದರು. ಕೋಟೆಯ ಗೋಡೆ ತಲುಪುವಷ್ಟರಲ್ಲಿ ನನ್ನಲ್ಲಿ ಉಳಿದಿದ್ದು, "ಹುಡುಗ್ರು ಯಾಕ್ ಹೋಗ್ತಾರೆ ಮೇಡಂ?" ಅಷ್ಟೇ. ಅವರು ಚಪ್ಪಾಳೆ ತಟ್ಟಿ ಕುಣಿಯುವುದೊಂದು ಬಾಕಿ. "ಸಿಕ್ತು ನೋಡು ಪ್ರಶ್ನೆ!"

ಉತ್ತರ ಸಿಗಬೇಕಿದ್ದದ್ದು ಒಬ್ಬ ಯುವಕನಿಂದ. ಫೋನಿನಲ್ಲೇ ಒಂದು ಉಗ್ರ ಗುಂಪಿನ ಬಲೆಗೆ ಬಿದ್ದು, ಅನಾಹುತವೇನಾದರೂ ಆಗುವ ಮೊದಲೇ ಪೊಲೀಸರ ಕಣ್ಣಿಗೆ ಬಿದ್ದು, ಬುದ್ಧಿ ಹೇಳಿಸಿಕೊಂಡು ಮನೆಗೆ ಮರಳಿದ್ದ. ಅವನು ಬಾಯಿ ಬಿಡದಿದ್ದರೆ ನನ್ನ ಪ್ರಬಂಧಕ್ಕೆ ಜೀವವಿಲ್ಲ. ಎಷ್ಟು ಸಲ ಹೋದರೂ, ಪೊಲೀಸರಿಗೆ ಹೇಳಿದ್ದನ್ನೇ ಗಿಳಿಪಾಠದಂತೆ ಒಪ್ಪಿಸುತ್ತಿದ್ದ. ನಾನು ಕೈಚೆಲ್ಲಿದೆ.

"ಅವನ್ನೂ ಬೆಟ್ಟಕ್ಕೆ ಕರ್ಕೊಂಡ್ ಬಾ" ಎಂದರು ಮೇಡಂ.

ಬಂದ. ಅರ್ಧ ಏರಿ ಸುಸ್ತಾಗಿ ಕೂತೆವು. ಕೆಳಗೆ ರೈಲು ಹೋಗುತ್ತಿತ್ತು. ಅದನ್ನೇ ನೋಡುತ್ತ, ಯಾರೂ ಕೇಳದೆಯೇ ಹೇಳಿದ: "ಅವ್ರು ಮೊದ್ಲು ಸಿದ್ಧಾಂತ ಗಿದ್ಧಾಂತ ಏನೂ ಮಾತಾಡ್ಲಿಲ್ಲ ಸಾರ್. ದಿನಾ ಮೆಸೇಜ್ ಮಾಡಿ 'ಊಟ ಆಯ್ತಾ' ಅಂತ ಕೇಳೋರು. ಕೆಲ್ಸ ಹೋದ್ಮೇಲೆ ನನ್ನನ್ನ ಯಾರೂ ಹಂಗೆ ಕೇಳಿರ್ಲಿಲ್ಲ."

ಅಷ್ಟು ವರ್ಷದ ಓದು ಒಂದೇ ಕ್ಷಣದಲ್ಲಿ ಬೆಳಗಿದಂತಾಯಿತು! ರೆಕಾರ್ಡರ್‌ಗೆ ಕೈ ಹಾಕಿದೆ. ಮೇಡಂ ನನ್ನ ಮುಂಗೈ ಹಿಡಿದರು. "ಮೊದ್ಲು ಅವನ್ನ ಕೇಳು. ಬೇಡ ಅಂದ್ರೆ ಬೇಡ. ಇಲ್ಲಿ ಕೇಳಿದ್ದು ಇಲ್ಲೇ ಬಿಟ್ಟು ಇಳಿಯೋಣ."

ಕೇಳಿದೆ. ಅವನು "ಹಾಕ್ಕೊಳಿ ಸಾರ್. ನಮ್ಮೂರ ಹೆಸ್ರು ಮಾತ್ರ ಬೇಡ" ಎಂದ. ಇಳಿಯುವಾಗ ನಾನು ನಡೆಯಲಿಲ್ಲ, ಹಾರಿದೆ!

ನನಗೆ ಡಾಕ್ಟರೇಟ್ ಬಂತು. ಕಳೆದ ವರ್ಷ ಮೇಡಂ ಹೋಗಿಬಿಟ್ಟರು. ಮಧುರೆಯ ಅವರ ಮನೆಯಂಗಳದಲ್ಲಿ ಆ ಯುವಕ ಬಿಕ್ಕಿಬಿಕ್ಕಿ ಅಳುತ್ತಿದ್ದ. "ಬೆಟ್ಟ ಇಳಿದ ದಿನದಿಂದ ಮೇಡಂ ದಿನಾ ಫೋನ್ ಮಾಡೋರು ಸಾರ್, ಊಟ ಆಯ್ತೇನಪ್ಪಾ ಅಂತ. ಒಂದಿನಾನೂ ತಪ್ಪಿಸ್ಲಿಲ್ಲ." ನಾನು ಪ್ರಬಂಧದಲ್ಲಿ ಬರೆದು ಮುಗಿಸಿದ್ದನ್ನು ಅವರು ಅಂದಿನಿಂದಲೇ ಮಾಡುತ್ತ ಬಂದಿದ್ದರು. ನನಗೆ ಅಳು ತಡೆಯಲಾಗಲಿಲ್ಲ.

ಮರುದಿನದಿಂದ ಆ ಫೋನ್ ನಾನು ಮಾಡತೊಡಗಿದೆ. ಮೊನ್ನೆ ನನ್ನ ವಿದ್ಯಾರ್ಥಿಗಳ ಪರೀಕ್ಷೆಯ ಗಡಿಬಿಡಿಯಲ್ಲಿ ಮರೆತೇಬಿಟ್ಟಿದ್ದೆ. ಮಧ್ಯಾಹ್ನ ಫೋನ್ ರಿಂಗಾಯಿತು. ಅವನೇ!

"ಏನ್ ಸಾರ್, ಊಟ ಆಯ್ತಾ?"

ಈ ಖುಷಿಯ ಸುದ್ದಿ ಹೇಳಲು ನಾನು ಮೊದಲು ಹುಡುಕಿದ್ದು ಮೇಡಂ ನಂಬರನ್ನು.