ಬಾಗಿಲ ಹೊರಗೆ ಕೇಳಿದ ಕ್ಲಾರಿನೆಟ್

ಗೋಕಾಕದ ಸಭಾಭವನವೊಂದರಲ್ಲಿ ನಾನು ಮೇಲ್ವಿಚಾರಕನಾಗಿದ್ದೆ. ಕುರ್ಚಿ ಹಾಕಿಸುವುದು, ದೀಪ ನೋಡಿಕೊಳ್ಳುವುದು, ಬಾಗಿಲು ಕಾಯುವುದು ನನ್ನ ಕೆಲಸ. ನಿವೃತ್ತಿಗೆ ಒಂದು ವರ್ಷ ಬಾಕಿ ಇದ್ದಾಗ ಪುಣೆಯಿಂದ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಆರ್ಕೆಸ್ಟ್ರಾ ಬಂತು. ನಲವತ್ತು ವಾದಕರು, ಒಂದೂ ಮೈಕ್ ಇಲ್ಲ. ನಮ್ಮ ಭವನಕ್ಕೆ ಅಂಥದ್ದು ಅದೇ ಮೊದಲು.

ಸಂಘಟಕರು ನಿಯಮ ಹೇಳಿಕೊಟ್ಟರು. ಮೊಬೈಲ್ ಬಂದ್ ಇರಬೇಕು. ಸಿಂಫನಿ ಎಂಬ ದೊಡ್ಡ ಕೃತಿಯಲ್ಲಿ ನಾಲ್ಕು ಭಾಗಗಳು. ನಡುವೆ ವಾದ್ಯಗಳು ನಿಂತರೂ ಚಪ್ಪಾಳೆ ತಟ್ಟಬಾರದು. ಕೋಲು ಹಿಡಿದು ವಾದಕರನ್ನು ನಡೆಸುವ ಕಂಡಕ್ಟರ್ ಕೊನೆಗೆ ನಮ್ಮತ್ತ ತಿರುಗಿದ ಮೇಲಷ್ಟೇ ತಟ್ಟಬೇಕು. ಅಲ್ಲಿಯವರೆಗೆ ಹೊರಗಿನಿಂದ ಯಾರನ್ನೂ ಒಳಗೆ ಬಿಡುವಂತಿಲ್ಲ. ಹೈಸ್ಕೂಲು ಮಾತ್ರ ಓದಿದ ನನಗೆ ಇದನ್ನು ಜನರಿಗೆ ಹೇಳುವಾಗ ಒಳಗೊಳಗೇ ಹೆಮ್ಮೆ.

ಮೂಡಲಗಿಯ ಬಸಪ್ಪ ಕಾಕಾ ಮದುವೆಯ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದವರು, ಹಲ್ಲು ಬಿದ್ದ ಮೇಲೆ ಬಿಟ್ಟವರು. ಅವರಿಂದಲೇ ಕಲಿತ ಮಗ ರಮೇಶ ಈ ಆರ್ಕೆಸ್ಟ್ರಾದಲ್ಲಿದ್ದ. ಎರಡನೇ ಭಾಗದಲ್ಲಿ ಅವನೊಬ್ಬನೇ ಊದುವ ಜಾಗವಿತ್ತು. “ಅದನ್ನ ಕೇಳಾಕಂತನ ಬಂದೇನ್ರಿ” ಎಂದು ಕಾಕಾ ಒಳಗೆ ಹೋಗುವಾಗಲೇ ಹೇಳಿದ್ದರು.

ಬ್ಯಾಂಡಿನವರಲ್ಲಿ ಒಂದು ರೂಢಿ. ಊದುವುದು ನಿಂತ ಕೂಡಲೇ ಹಿರಿಯರೊಬ್ಬರು ಶಭಾಷ್ ಎನ್ನಬೇಕು. ಯಾರೂ ಬಾಯಿ ತೆರೆಯದಿದ್ದರೆ ಊದಿದವನು ತಪ್ಪಿದ್ದಾನೆ ಎಂದೇ ಲೆಕ್ಕ.

ಮೊದಲ ಭಾಗ ಮುಗಿಯಿತು. ಸಭೆ ಗಪ್‌ಚಿಪ್. ಕಾಕಾ ಆಚೆ ಈಚೆ ನೋಡಿ ಎದ್ದೇ ನಿಂತರು. “ಶಭಾಷ್ ರಮೇಶಾ! ಯಾಕ್ರಿ, ಎಲ್ಲಾರೂ ಸುಮ್ಮ ಕುಂತೀರಿ? ಹುಡುಗ ಏನರ ತಪ್ಪ್ಯಾನೇನು?”

ಹುಕ್ಕೇರಿಯ ವ್ಯಾಪಾರಿಯೊಬ್ಬರು ಹಿಂದಿನಿಂದ, “ಕುಂದರ್ರಿ ಕಾಕಾ, ವರಾ ಇನ್ನೂ ಕುದರಿ ಹತ್ತಿಲ್ಲ, ಮೆರವಣಿಗಿ ಬಾಕಿ ಐತಿ!” ಎಂದರು. ಜನ ನಕ್ಕರು. ನನಗೆ ಮಾತ್ರ ಮಾನ ಹೋದಂತಾಯಿತು. ಓಡಿಹೋಗಿ ಕಾಕಾನ ರಟ್ಟೆ ಹಿಡಿದು ಹೊರಗೆ ತಂದು ಬಾಗಿಲು ಹಾಕಿದೆ. ಅಷ್ಟರಲ್ಲಿ ಎರಡನೇ ಭಾಗ ಶುರುವಾಯಿತು.

“ತಪ್ಪಾತ್ರಿ. ಇನ್ನ ತುಟಿ ಪಿಟಕ್ ಅನ್ನಂಗಿಲ್ಲ. ಈಗ ಅವನ ಪಾಳಿ ಐತ್ರಿ, ಒಳಗ ಬಿಡ್ರಿ.”

“ನಿಯಮ ಅಂದ್ರ ನಿಯಮ, ಕಾಕಾ.”

ಒಳಗಿನಿಂದ ಕ್ಲಾರಿನೆಟ್ಟಿನ ಸ್ವರ ತೆಳ್ಳಗೆ ಬಂತು. ಕಾಕಾ ಬಾಗಿಲಿಗೆ ಕಿವಿ ಹಚ್ಚಿದರು. ಕದ ಕಿರ್ ಎಂದೀತೆಂದು ನಾನು ಅದನ್ನೂ ತಡೆದೆ. ಅವರು ಒಂದು ಹೆಜ್ಜೆ ಹಿಂದೆ ಸರಿದು ಕಣ್ಣು ಮುಚ್ಚಿ ನಿಂತರು.

ಎಲ್ಲ ಮುಗಿದ ಮೇಲೆ ರಮೇಶ ಬಂದ. “ಅಪ್ಪಾ, ನಿನ್ನ ಶಭಾಷ್ ಕೇಳಿತು. ಪುಸ್ತಕದ ಹಾಳಿ ತಿರುವಿ ನನ್ನ ಪಾಳಿಗೆ ತಲಿ ಎತ್ತೂದ್ರಾಗ ನಿನ್ನ ಕುರ್ಚಿ ಖಾಲಿ ಇತ್ತು. ಎಲ್ಲಿ ಹೋಗಿದ್ದಿ?”

ಕಾಕಾ ನನ್ನ ಮುಖ ನೋಡಿದರು. “ಒಳಗ ಶೆಕಿ ಆತಪಾ. ನಾನ ಎದ್ದು ಬಾಗಲಾ ಕಡೆ ಬಂದೆ. ಛಲೋ ಊದಿದಿ.”

ಹುಡುಗನ ಮುಖ ಸಣ್ಣದಾಯಿತು. ತನ್ನ ಪಾಳಿಯಲ್ಲೇ ಅಪ್ಪ ಎದ್ದುಹೋದನೆಂದು ಅವನು ನಂಬಿದ. ಅಲ್ಲ, ನಾನೇ ಹೊರಹಾಕಿದೆ ಎನ್ನಲು ಒಂದು ಮಾತು ಸಾಕಿತ್ತು. ನಾನು ಕುರ್ಚಿ ಮಡಚುತ್ತ ನಿಂತೆ.

ಮರುವರ್ಷ ಕಾಕಾ ತೀರಿಕೊಂಡರು. ರಮೇಶನಿಗೆ ಇಂದಿಗೂ ನಾನು ಹೇಳಿಲ್ಲ. ಅದಕ್ಕೇ ಇದನ್ನು ಬರೆದೆ. ಮೊದಲ ಸಲ ಇಂಥ ಕಛೇರಿಗೆ ಹೋಗುವವರು ಬೇಗ ಹೋಗಿ, ಮೊಬೈಲ್ ಬಂದ್ ಮಾಡಿ, ಉಳಿದವರು ತಟ್ಟಿದಾಗ ತಟ್ಟಿ. ತಪ್ಪಿ ಮೊದಲೇ ತಟ್ಟಿದರೆ ಸಂಗೀತಕ್ಕೇನೂ ಆಗುವುದಿಲ್ಲ. ಬಾಗಿಲು ಕಾಯುವವರಿಗೆ ನಾನು ಹೇಳುವುದಿಷ್ಟೇ: ಎದ್ದು ನಿಂತವರ ಹೆಗಲ ಮೇಲೆ ಕೈಯಿಟ್ಟು, ಅವರನ್ನು ಅಲ್ಲೇ ಕೂರಿಸಿ.